ಡೀಸೆಲ್ ಜಿನುಗದಿದ್ದರೂ ಗಾಳಿ ಹೋಗುತ್ತದೆ

ಡೀಸೆಲ್ ದಾರಿಗೆ ಗಾಳಿ ಸೇರಿ ಟ್ರ್ಯಾಕ್ಟರ್ ಇಂಜಿನ್ ನಿಂತರೆ ಏನು ಮಾಡಬೇಕು ಅನ್ನುವಲ್ಲಿ "ಹೊರಗೆ ಡೀಸೆಲ್ ಜಿನುಗದಿದ್ದರೆ ಪೈಪ್ ಸರಿಯಿದೆ, ಪಂಪ್ ಬಿಚ್ಚಿಸಿ" ಅಂತ ಬರೆದಿದ್ದೀರಲ್ಲ ಸರ್, ಇದು ತಪ್ಪು. ಟ್ಯಾಂಕಿನಿಂದ ಡೀಸೆಲ್ಲನ್ನು ಫೀಡ್ ಪಂಪ್ ಎಳೆದುಕೊಳ್ಳುತ್ತದೆ, ಹಾಗಾಗಿ ಆ ದಾರಿಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಇಂಜಿನ್ ಓಡುವಾಗ ಹೊರಗೆ ಹನಿ ಬೀಳದೆ ಒಳಗೆ ಗಾಳಿ ಹೋಗಬಹುದು. ಸೋರಿಕೆ ಕಣ್ಣಿಗೆ ಕಾಣುವುದು ಪಂಪ್ ದಾಟಿದ ಮೇಲೆ, ಅಲ್ಲಿ ಒತ್ತಡ ಇರುತ್ತದೆ ಅಲ್ವಾ.

ನಮ್ಮ ರಾಣೆಬೆನ್ನೂರು ಕಡೆ ಗೋವಿನಜೋಳ ಬಿತ್ತುವ ಹೊತ್ತಿಗೇ ಹಳೇ ಟ್ರ್ಯಾಕ್ಟರ್‌ಗಳು ಹೀಗೆ ಹೊಲದಲ್ಲಿ ನಿಲ್ಲುತ್ತವೆ, ಸುಮ್ನೆ ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಕಳಿಸಿ ದುಡ್ಡು, ಹದ ಎರಡೂ ಕಳೆದುಕೊಂಡವರನ್ನು ನೋಡಿದ್ದೇನೆ. ಮೊದಲು ಫೀಡ್ ಪಂಪಿಗೆ ಬರುವ ಕಡೆ ಡೀಸೆಲ್ ತಡೆಯುವ ಒಂದು ಗೇಣು ಪಾರದರ್ಶಕ ಪೈಪ್ ಸಿಕ್ಕಿಸಿ ಇಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಬರುತ್ತಿದ್ದರೆ ಗಾಳಿ ಪಂಪಿಗಿಂತ ಹಿಂದೆಯೇ ಸೇರುತ್ತಿದೆ. ಕ್ಲಿಪ್ ಕೆಳಗೆ ಸೀಳಿದ ರಬ್ಬರ್ ಪೈಪ್ ನೋಡಿ, ಆಮೇಲೆ ಪೈಪ್ ಜೋಡಿಸುವ ಬೋಲ್ಟಿನ ತಾಮ್ರದ ವಾಷರ್. ಅದು ಒಮ್ಮೆ ಅದುಮಿ ಕೂತರೆ ಗಟ್ಟಿಯಾಗುತ್ತದೆ, ಮತ್ತೆ ಅದನ್ನೇ ಹಾಕಿ ಬೋಲ್ಟ್ ಎಷ್ಟು ಬಿಗಿದರೂ ಸರಿಯಾಗಿ ಕೂರುವುದಿಲ್ಲ. ಹೊಸದು ಹಾಕಿ, ಆಮೇಲೆ ಡೀಸೆಲ್ ದಾರಿಯಲ್ಲಿ ಉಳಿದ ಗಾಳಿ (ಏರ್) ತೆಗೆಯಿರಿ. ದಯವಿಟ್ಟು ಆ ಸಾಲು ತಿದ್ದಿ, ಓದಿದವರು ಅದನ್ನೇ ನಂಬಿ ಪಂಪ್ ಬಿಚ್ಚುತ್ತಾರೆ.