ದೊಡ್ಡಪ್ಪನ ಬಿಪಿ ಮಾತ್ರೆ, ಪಕ್ಕದ ಸೀಟಿನವನ ಇಲಿ ಮಾತ್ರೆ

ಈ ಸಲ ಬೇಕು ಅಂತಲೇ ಆಗಸ್ಟ್ ಮೊದಲ ವಾರಕ್ಕೆ ರಜೆ ಹಾಕಿ ಊರಿಗೆ ಬಂದೆ. ಕಕ್ಕಡ ಹದಿನೆಂಟಕ್ಕೆ, ಅಂದರೆ ಕೊಡಗಿನವರ ಕಕ್ಕಡ ತಿಂಗಳ ಹದಿನೆಂಟನೇ ದಿನಕ್ಕೆ, ಮನೆಯಲ್ಲಿರಬೇಕು ಅನ್ನೋ ಆಸೆ. ಭಾಗಮಂಡಲದ ಕಡೆ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ, ಕರೆಂಟೂ ಇಲ್ಲ. ದೊಡ್ಡಮ್ಮ ಮದ್ದು ಸೊಪ್ಪು ಕುದಿಸಿ, ಆ ನೇರಳೆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿದ್ದರು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಮದ್ದು ಸೇರಿರುತ್ತದೆ ಅನ್ನೋದು ನಮ್ಮ ಕಡೆಯ ನಂಬಿಕೆ. ಮಾರನೇ ದಿನ ಮೂತ್ರ ಕೆಂಪಗೆ ಹೋಗುತ್ತದೆ, ಹೊಸಬರಿಗೆ ಮೊದಲೇ ಹೇಳಿಡಬೇಕು!

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ಮದ್ದಿಗೆ ವರ್ಷಕ್ಕೊಂದೇ ದಿನ ಅಂತೇನಿಲ್ಲ. ಆಫೀಸಿನಲ್ಲಿ ಪಕ್ಕದ ಸೀಟಿನವನು ದಿನಾ ಬೆಳಗ್ಗೆ ಒಂದು ಹಿಡಿ ಮಾತ್ರೆ ನುಂಗುತ್ತಾನೆ. ವಯಸ್ಸು ಮೂವತ್ತೆಂಟು, ಆದರೆ ರಕ್ತ ಪರೀಕ್ಷೆ ಮಾಡಿಸಿ 'ನನ್ನ ದೇಹಕ್ಕೆ ಮೂವತ್ತೊಂದೇ' ಅನ್ನುತ್ತಾನೆ. ಆಯಸ್ಸು ಹೆಚ್ಚಲಿ ಅಂತ ವಾರಕ್ಕೊಮ್ಮೆ ರಾಪಮೈಸಿನ್ ಅನ್ನೋ ಮಾತ್ರೆ ಬೇರೆ.

ಈ ರಾಪಮೈಸಿನ್ ಕತೆ ನನಗೆ ಇಷ್ಟ. ಅದೂ ಮಣ್ಣಿನಿಂದಲೇ ಬಂದದ್ದು. 1964ರಲ್ಲಿ ಕೆನಡಾದ ತಂಡವೊಂದು ಈಸ್ಟರ್ ದ್ವೀಪದಿಂದ, ಅಲ್ಲಿಯವರ ಮಾತಿನಲ್ಲಿ ರಾಪಾ ನುಯಿಯಿಂದ, ಮಣ್ಣು ತಂದಿತು. ಅದರಲ್ಲಿದ್ದ ಬ್ಯಾಕ್ಟೀರಿಯಾದಿಂದ ಮದ್ದು ತೆಗೆದದ್ದು ಮಾಂಟ್ರಿಯಲ್‌ನ ಲ್ಯಾಬಿನಲ್ಲಿ, ಪಂಜಾಬಿನಲ್ಲಿ ಹುಟ್ಟಿದ ಸುರೇನ್ ಸೆಹಗಲ್ ಅವರ ತಂಡ. ಆ ಲ್ಯಾಬ್ ಮುಚ್ಚಿದಾಗ ಅವರು ಅದನ್ನು ಮನೆಯ ಫ್ರೀಜರ್‌ನಲ್ಲಿಟ್ಟು ಉಳಿಸಿಕೊಂಡರಂತೆ. 1999ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟದ್ದು ಕಿಡ್ನಿ ಕಸಿ ಆದವರಿಗೆ. ಆಮೇಲೆ 2009ರಲ್ಲಿ ಮೂರು ಲ್ಯಾಬುಗಳಲ್ಲಿ 600 ದಿನದ ಇಲಿಗಳಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಅರವತ್ತರ ಆಸುಪಾಸಿನವಕ್ಕೆ, ಕೊಟ್ಟು ನೋಡಿದರು. ಹತ್ತರಲ್ಲಿ ಒಂಬತ್ತು ಸಾಯುವ ವಯಸ್ಸು ಹೆಣ್ಣಿಲಿಗಳಲ್ಲಿ ಶೇ 14, ಗಂಡಿಲಿಗಳಲ್ಲಿ ಶೇ 9ರಷ್ಟು ಮುಂದೆ ಹೋಯಿತು. ಜೀವಕೋಶಕ್ಕೆ 'ಊಟ ಇಲ್ಲ' ಅಂತ ಸುಳ್ಳು ಹೇಳುವ ಮದ್ದು ಅದು. ಆಗ ಕೋಶ ಬೆಳೆಯೋದು ಬಿಟ್ಟು, ಒಳಗಿನ ಕಸವನ್ನೇ ಒಡೆದು ಮತ್ತೆ ಬಳಸುತ್ತದೆ, ಜೋರು ಮಳೆಗೆ ಪೇಟೆಗೆ ಹೋಗಲಾಗದೆ ಮನೆಯಲ್ಲಿ ಇದ್ದದ್ದನ್ನೇ ಹುಡುಕಿ ಅಡುಗೆ ಮಾಡುತ್ತೇವಲ್ಲ, ಹಾಗೆ.

ಆದರೆ ಅವು ಇಲಿಗಳು, ಅಲ್ವಾ? ಇದರಿಂದ ಮನುಷ್ಯ ಜಾಸ್ತಿ ದಿನ ಬದುಕುತ್ತಾನೆ ಅಂತ ಇನ್ನೂ ಯಾರೂ ತೋರಿಸಿಲ್ಲ. ಸಾವನ್ನೇ ದೂಡುತ್ತೇನೆ ಅಂತ ಹೊರಟ ಅಮೆರಿಕದ ಉದ್ಯಮಿ ಬ್ರಯಾನ್ ಜಾನ್ಸನ್ ಕೂಡ ಸುಮಾರು ಐದು ವರ್ಷ ನುಂಗಿ 2024ರಲ್ಲಿ ಬಿಟ್ಟರು, ಚರ್ಮದ ಸೋಂಕು, ಸಕ್ಕರೆ ಏರಿಕೆ ಅಂತೆಲ್ಲ. ಸಂಶೋಧನೆ ನಡೀಲಿ, ನನಗೆ ಸಂತೋಷವೇ. ಗಟ್ಟಿಮುಟ್ಟಾದ ಹುಡುಗ ಸುಮ್ನೆ ನುಂಗೋದು ನನಗೆ ಒಪ್ಪಿಗೆಯಿಲ್ಲ.

ಹಾಗಂತ ನಮ್ಮೂರೇ ಸರಿ ಅನ್ನೋಕೂ ಆಗಲ್ಲ. ದೊಡ್ಡಪ್ಪನಿಗೆ ಎಪ್ಪತ್ತಮೂರು. ಪಾಯಸ ಎರಡು ಬಟ್ಟಲು ಆಯಿತು. 'ಬಿಪಿ ಮಾತ್ರೆ ತಗೊಂಡ್ರಾ ದೊಡ್ಡಪ್ಪಾ?' ಅಂದರೆ, 'ಚೆನ್ನಾಗೇ ಇದ್ದೀನಲ್ಲ ಮಗಾ, ಅದೆಲ್ಲ ಅಭ್ಯಾಸ ಆಗಿಬಿಡುತ್ತೆ.' ಶೀಟು ಫ್ರಿಜ್ ಮೇಲೆ ಧೂಳು ಹಿಡಿದಿತ್ತು. ಇದಕ್ಕೇ ನನಗೆ ಸಿಟ್ಟು. ಬಿಪಿಯ ಮೇಲಿನ ಅಂಕಿ ಮಾತ್ರ ಜಾಸ್ತಿಯಿದ್ದ, ಅರವತ್ತು ಮುಟ್ಟಿದ, ದಾಟಿದ 4,736 ಜನರ ಮೇಲೆ ಅಮೆರಿಕದಲ್ಲಿ ಪರೀಕ್ಷೆ ಮಾಡಿದ್ದರು, 1991ರಲ್ಲಿ ಫಲಿತಾಂಶ ಬಂತು. ಹಳೇ ಕಾಲದ ಅಗ್ಗದ ಮಾತ್ರೆಯಿಂದ ಶುರು ಮಾಡಿದ ಚಿಕಿತ್ಸೆಗೇ ಸ್ಟ್ರೋಕ್ ಶೇ 36ರಷ್ಟು ಕಡಿಮೆಯಾಗಿತ್ತು. ಇವರು ಇಲಿಗಳಲ್ಲ, ದೊಡ್ಡಪ್ಪನಂಥವರೇ! ಪಕ್ಕದ ಸೀಟಿನವನ ರಾಪಮೈಸಿನ್‌ಗೆ ಇಂಥದ್ದೊಂದು ಲೆಕ್ಕ ಸಿಕ್ಕಿದ್ದರೆ ಅವನು ಊರೆಲ್ಲ ಡಂಗುರ ಸಾರುತ್ತಿದ್ದ.

ದೊಡ್ಡಪ್ಪನಿಗೆ ಅವನ ಕತೆ ಹೇಳಿದೆ. 'ಇಲಿಗೆ ಕೊಟ್ಟದ್ದನ್ನ ತಿಂತಾನಾ?' ಅಂತ ಕೆಮ್ಮು ಬರುವಷ್ಟು ನಕ್ಕರು. ಬೆಲ್ಲದ ಕಾಫಿಯನ್ನು ಮಾತ್ರ ಅವರು ಒಂದು ದಿನವೂ ತಪ್ಪಿಸಲ್ಲ, ಅದನ್ನು ತಾವೇ ಮಾಡಿಕೊಳ್ಳುತ್ತಾರೆ. ಹೊರಡುವ ದಿನ ಹೊಸ ಶೀಟೊಂದನ್ನು ತಂದು ಕಾಫಿಪುಡಿ ಡಬ್ಬಿಯೊಳಗೆ ಹಾಕಿ ಬಂದೆ. ಮೊನ್ನೆ ದೊಡ್ಡಮ್ಮ ಫೋನಿನಲ್ಲಿ ಹೇಳಿದರು, ನಾಲ್ಕು ಖಾಲಿಯಾಗಿದೆಯಂತೆ. ನಾನು ವಾಪಸ್ ಬಂದು ಹನ್ನೆರಡು ದಿನ ಆಗಿತ್ತು.