ಅಂತರಗಂಗೆಗೆ ಎರಡು ಟೆಂಡರ್

ಅವಳಿ ನಗರದ ಒಂದು ಕೆರೆಗೆ ಈ ಸಲ ಎರಡು ಟೆಂಡರ್ ಆಗಿವೆಯಂತೆ. ಕೆರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಉಳಿದ ಕೆರೆಗಳು ‘ನಮ್ಮನ್ಯಾಕ ಬಿಟ್ರಿ’ ಅಂತ ಮುನಿಸಿಕೊಂಡಾವು. ಉಣಕಲ್ ಕೆರೆ ಅಂತರಗಂಗೆ ಎಂಬ ತೇಲುವ ಕಳೆ ಹೊದ್ದು ಮಲಗಿದ್ದನ್ನು ಕಂಡ ಹುಬ್ಬಳ್ಳಿ ಮಂದಿಗೆ ಈ ಹಸಿರೇನು ಹೊಸದಲ್ಲ.

ಮೊದಲನೇ ಟೆಂಡರ್ ಕೆರೆಯೊಳಗಿನ ಅಂತರಗಂಗೆ ಕಿತ್ತು ಹಾಕುವುದಕ್ಕೆ. ದರ ಟನ್ ಲೆಕ್ಕ. ಎರಡನೆಯದು ಕೆರೆ ನೀರಿಗೆ ಬೆರೆತ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಹೀರುವ ಜಲಸಸ್ಯ ತಂದು ಬಿಡುವುದಕ್ಕೆ. ದರ ಗಿಡದ ಲೆಕ್ಕ. ಯಾವ ಗಿಡ ಅಂತ ಹಾಳೆ ತಿರುವಿದರೆ, ಅದೇ ಅಂತರಗಂಗೆ!

ನಗಬೇಡಿ, ಎರಡೂ ಕಡತ ಸತ್ಯವನ್ನೇ ಹೇಳುತ್ತಿವೆ. ದಕ್ಷಿಣ ಅಮೆರಿಕದಿಂದ ಬಂದ ಈ ಗಿಡ, ಹವೆ ಹಿಡಿಸಿತೆಂದರೆ ಸುಮಾರು ಎರಡು ವಾರದಲ್ಲಿ ತನ್ನ ಸಂಸಾರ ದುಪ್ಪಟ್ಟು ಮಾಡಿಕೊಳ್ಳುತ್ತದೆ. ನೀರಿಗೆ ಬೆಳಕು ಬೀಳಗೊಡುವುದಿಲ್ಲ, ಮೀನಿಗೆ ಉಸಿರು ಸಿಗಗೊಡುವುದಿಲ್ಲ. ಆದರೆ ಪುಕ್ಕದಂಥ ಅದರ ಕಪ್ಪು ಬೇರು ನೀರಲ್ಲಿ ಕರಗಿದ ಲೋಹವನ್ನು ಹಿಡಿದಿಟ್ಟುಕೊಳ್ಳುವುದೂ ಖರೆ. ಎಲೆಗೆ ಏರುವುದು ಕಡಿಮೆ, ಬೇರಲ್ಲೇ ಹೆಚ್ಚು. ಅಲ್ಲಿಗೆ ಗಿಡದ ಕೆಲಸ ಮುಗಿಯಿತು, ಮನುಷ್ಯರದು ಶುರು. ಲೋಹವೇನು ಕೊಳೆತು ಮಾಯವಾಗುವ ಸೊಪ್ಪೇ? ಗಿಡವನ್ನು ಹೊತ್ತಿಗೆ ಸರಿಯಾಗಿ ತೆಗೆದು, ಒಣಗಿಸಿ, ಹೊಗೆ ಸೋಸುವ ಭಟ್ಟಿಯಲ್ಲಿ ಸುಟ್ಟು, ಬೂದಿಯನ್ನು ಅಪಾಯಕಾರಿ ತ್ಯಾಜ್ಯಕ್ಕೆಂದೇ ಕಟ್ಟಿದ ಗುಂಡಿಯಲ್ಲಿ ಮುಚ್ಚಬೇಕು. ನೀರಲ್ಲೇ ಕೊಳೆಯಲು ಬಿಟ್ಟರೆ ಹೀರಿದ ಸೀಸ ವಾಪಸ್ ಕೆರೆಗೇ.

ಇಷ್ಟುದ್ದದ ಷರತ್ತು ಎರಡೂ ಟೆಂಡರಿನಲ್ಲಿ ಹಿಡಿಸಲಿಲ್ಲ.

ಗುತ್ತಿಗೆದಾರರು ಜಾಣರು. ಮೂಡಲ ದಂಡೆಯಲ್ಲಿ ಒಬ್ಬರು ಕೀಳುತ್ತಾರೆ, ಪಡುವಲ ದಂಡೆಯಲ್ಲಿ ಇನ್ನೊಬ್ಬರು ಬಿಡುತ್ತಾರೆ, ನಡುವೆ ಒಂದೇ ಟ್ರ್ಯಾಕ್ಟರ್. ಅಂತರಗಂಗೆಯ ತೂಕದಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವುದರಿಂದ ವೇಬ್ರಿಜ್ ಮುಟ್ಟುವತನಕ ಟ್ರಾಲಿಯ ಮೇಲೆ ತಾಡಪತ್ರಿ ಬಿಗಿದಿರುತ್ತದೆ. ಚೀಟಿ ಕೈಗೆ ಬಂದದ್ದೇ ಬಿಚ್ಚುತ್ತಾರೆ. ಹಿಂದಿನ ಹಲಗೆಯ ಸಂದಿನಿಂದ ಕರೀ ನೀರು ರಸ್ತೆಯುದ್ದಕ್ಕೂ ಗೆರೆ ಎಳೆಯುತ್ತ ಹೋಗುತ್ತದೆ.

“ಸೋರಾಕತ್ತೈತಲ್ಲೋ ತಮ್ಮಾ!”

“ಸೋರ್ಲಿ ಬಿಡ್ರಿ ಕಾಕಾ, ತೂಕ ಆಗೇತಿ.”

ಲೆಕ್ಕಕ್ಕೆ ಹೊಂದದೆ ಉಳಿದ ಗಿಡ ದಂಡೆಯ ಮೇಲೆ ಗುಡ್ಡೆ ಬೀಳುತ್ತದೆ. ಒಂದು ಮಳೆ ಬಂದರೆ ಅರ್ಧ ತಾನಾಗೇ ಕೆರೆಗೆ ಇಳಿಯುತ್ತದೆ (ಇದಕ್ಕೆ ಬಾಡಿಗೆ ಇಲ್ಲ, ಅದೇ ಪುಣ್ಯ). ಮಿಕ್ಕರ್ಧವನ್ನು ‘ಸಾವಯವ ಗೊಬ್ಬರ’ ಅಂತ ಚೀಲ ತುಂಬಿ ಮೆಂತ್ಯೆ, ರಾಜಗಿರಿ ಬೆಳೆಯುವವರಿಗೆ ಕೊಡುವ ವಿಚಾರವೂ ಇದೆಯಂತೆ. ಕುಡಿಯುವ ನೀರಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ ದಾಟಬಾರದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಸಂತೆಯಲ್ಲಿ ಮೆಂತ್ಯೆ ಕಟ್ಟು ಹಿಡಿದು ಸೀಸ ಎಷ್ಟೈತಿ ಅಂತ ಕೇಳಿ ನೋಡಿ, ಅಕ್ಕಾರು ಪೆನ್ಸಿಲ್ ಅಂಗಡಿ ದಾರಿ ತೋರಿಸುತ್ತಾರೆ.

ಇಷ್ಟೆಲ್ಲ ನೋಡಿ ತಡೆಯದೆ ಸಾಹೇಬರ ಕಚೇರಿಗೇ ಹೋದೆ. ಗಿರಮಿಟ್ಟಿನ ಪೊಟ್ಟಣ ಆಗಷ್ಟೇ ಬಿಚ್ಚಿದ್ದರು.

“ಕಿತ್ತಿದ್ದನ್ನ ಮತ್ತ ಬಿಡೂದು ಯಾಕ್ರಿ ಸಾಹೇಬ್ರ?”

“ಕೀಳೂದು ಸ್ವಚ್ಛತಾ ವಿಭಾಗದ್ದು, ಬಿಡೂದು ಪರಿಸರ ವಿಭಾಗದ್ದು. ಬ್ಯಾರೆ ಬ್ಯಾರೆ ಫೈಲ್ ಅವ. ನೀವು ಎರಡೂ ಕೂಡ್ಸಿ ಯಾಕ ಓದ್ತೀರಿ?”

“ಮತ್ತ ಸುಟ್ಟು ಬೂದಿ ಮುಚ್ಚೂದು?”

“ಅದಕ್ಕ ಮೂರನೇ ಟೆಂಡರ್ ಕರೀತೀವಿ.”

“ಹೋಗ್ಲಿ, ಕಾರ್ಖಾನಿ ಶೆಡ್‌ಗಳ ಹಿಂದಿನಿಂದ ಕೆರೀಗೆ ಬಣ್ಣದ ನೀರು ಬಿಡೂ ಆ ಪೈಪ್ ಆದ್ರೂ ಬಂದ್ ಮಾಡಸ್ರೆಲ್ಲಾ.”

ಸಾಹೇಬರು ತುತ್ತು ನಿಲ್ಲಿಸಿ ನನ್ನನ್ನೇ ನೋಡಿದರು.

“ಅದನ್ನ ಬಂದ್ ಮಾಡಿದ್ರ ಗಿಡ ಏನ್ ಹೀರಬೇಕ್ರಿ?”