ಹೊಸ ಸಾಫ್ಟ್‌ವೇರ್ ತರುವ ಮುಂಚೆ ಸಂಶೋಧನೆ ಓದಬೇಕಾ?

ಪರ

ಕಚೇರಿಗೆ ಹೊಸ ಸಾಫ್ಟ್‌ವೇರ್ ಬರುತ್ತದೆ. ಮೂರು ತಿಂಗಳಾದರೂ ಯಾರೂ ಮುಟ್ಟುವುದಿಲ್ಲ. ಆಗ ಮೇಲಿನವರ ಬಾಯಲ್ಲಿ ಬರುವ ಮೊದಲ ಮಾತು: ‘ನಮ್ಮ ಜನ ಬದಲಾಗಲ್ಲ ಬಿಡಿ.’ ಈ ಮಾತು ಎಷ್ಟು ಪೊಳ್ಳು ಅಂತ ತಿಳಿಯಲು ಸಂಶೋಧಕಿ ವಾಂಡಾ ಆರ್ಲಿಕೋವ್ಸ್ಕಿ 1992ರಲ್ಲಿ ಪ್ರಕಟಿಸಿದ ಅಧ್ಯಯನ ಓದಬೇಕು.

ಅವರು ನೋಡಿದ ದೊಡ್ಡ ಸಲಹಾ ಸಂಸ್ಥೆಯೊಂದು ಲೋಟಸ್ ನೋಟ್ಸ್ ಅನ್ನುವ, ಸಿಬ್ಬಂದಿ ಮಾಹಿತಿ ಹಂಚಿಕೊಳ್ಳುವ ಸಾಫ್ಟ್‌ವೇರ್ ತಂದಿತ್ತು. ಒಬ್ಬರಿಗೆ ಗೊತ್ತಿದ್ದದ್ದು ಎಲ್ಲರಿಗೂ ಸಿಗಲಿ ಅನ್ನುವ ಆಸೆ. ಆದರೆ ಅಲ್ಲಿನ ಸಲಹೆಗಾರರು ಬಡ್ತಿಗಾಗಿ ಒಬ್ಬರ ಮೇಲೊಬ್ಬರು ಪೈಪೋಟಿಗೆ ಬಿದ್ದವರು. ತನಗೆ ಗೊತ್ತಿರುವುದೇ ಬಂಡವಾಳ. ಅದನ್ನು ಪಕ್ಕದ ಮೇಜಿಗೆ ಸುಮ್ನೆ ಯಾಕೆ ಕೊಡಬೇಕು? ಇನ್ನೊಂದು ತೊಡಕು ಸಣ್ಣದು, ನನಗೆ ಅದೇ ಜಾಸ್ತಿ ಹಿಡಿಸಿತು. ಅವರು ತಮ್ಮ ಗಂಟೆಗಳನ್ನು ಯಾವುದಾದರೂ ಗ್ರಾಹಕರ ಲೆಕ್ಕಕ್ಕೆ ಬರೆಯಬೇಕಿತ್ತು. ನೋಟ್ಸ್ ಕಲಿತ ಗಂಟೆಯನ್ನು ಯಾರ ಲೆಕ್ಕಕ್ಕೆ ಬರೆಯುವುದು? ಹಾಗಾಗಿ ಕಲಿಯಲು ಕೂರುವುದಕ್ಕೇ ಹಿಂಜರಿದರು. ಅಡ್ಡ ಬಂದದ್ದು ಸಾಫ್ಟ್‌ವೇರ್ ಅಲ್ಲ, ಟೈಮ್‌ಶೀಟ್.

ಸಂಶೋಧಕ ಸ್ಟೀಫನ್ ಬಾರ್ಲೆ 1986ರಲ್ಲೇ ಇಂಥದ್ದೊಂದು ತೋರಿಸಿದ್ದರು. ಒಂದೇ ಬಗೆಯ ಸಿಟಿ ಸ್ಕ್ಯಾನರ್ ಎರಡು ಆಸ್ಪತ್ರೆಗಳಿಗೆ ಬಂತು. ವೈದ್ಯರು ಮತ್ತು ತಂತ್ರಜ್ಞರ ನಡುವೆ ಯಾರ ಮಾತು ನಡೆಯುತ್ತದೆ ಅನ್ನುವುದು ಎರಡೂ ಕಡೆ ಬೇರೆ ಬೇರೆ ರೀತಿ ಬದಲಾಯಿತು. ಇದು ಗೊತ್ತಿದ್ದವರು ‘ಪಕ್ಕದ ಕಂಪನಿಯಲ್ಲಿ ಚೆನ್ನಾಗಿ ನಡೀತಿದೆ’ ಅನ್ನುವ ಮಾರಾಟಗಾರನ ಮಾತಿಗೆ ಅಷ್ಟು ಬೇಗ ಸೋಲುವುದಿಲ್ಲ.

ವಿರೋಧ

ಆರ್ಲಿಕೋವ್ಸ್ಕಿ ಕೆಲಸ ಚೆನ್ನಾಗಿದೆ, ಒಪ್ಪಿದೆ. ಆದರೆ ಅದು ಆರಿಸಿ ತೆಗೆದ ಕಾಳು. ಈ ಕ್ಷೇತ್ರದಲ್ಲಿ ರಾಶಿ ಬಿದ್ದಿರುವುದು ಪ್ರಶ್ನಾವಳಿಗಳು.

ಸಂಶೋಧಕ ಫ್ರೆಡ್ ಡೇವಿಸ್ 1989ರಲ್ಲಿ ಎರಡು ವಿಷಯ ಹಿಡಿದರು: ಇದು ಉಪಯೋಗಕ್ಕೆ ಬರುತ್ತದೆ ಅಂತ ಜನರಿಗೆ ಅನ್ನಿಸುತ್ತದಾ, ಸುಲಭ ಅನ್ನಿಸುತ್ತದಾ? ಇವೆರಡರಿಂದ ಬಳಕೆಯನ್ನು ಊಹಿಸಬಹುದು ಅಂದರು. ಆಮೇಲೆ ಬಂದವರು ಇದೇ ಅಚ್ಚಿನಲ್ಲಿ ಇಮೇಲ್‌ನಿಂದ ಹಿಡಿದು ಸಿಕ್ಕಿದ್ದನ್ನೆಲ್ಲ ಎರೆದರು. ಡೇವಿಸ್ ಬಳಕೆಯನ್ನು ಅಳೆದದ್ದೇ ಜನರ ಬಾಯಿಮಾತಿನಿಂದ. ನಾವು ಹೇಳುವುದಕ್ಕೂ ಮಾಡುವುದಕ್ಕೂ ಎಷ್ಟು ಅಂತರ!

ಹಿಂದೆ ನಾನಿದ್ದ ಕಚೇರಿಯೊಂದರಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ದಾಖಲಿಸಲು ಹೊಸ ವ್ಯವಸ್ಥೆ ತಂದರು. ಹೊರಡಲು ಹತ್ತು ನಿಮಿಷ ಇರುವಾಗ ಎಲ್ಲರೂ ಲಾಗಿನ್ ಆಗುತ್ತಿದ್ದೆವು. ಬೆಳಗಿನಿಂದ ಮಾಡಿದ್ದಕ್ಕೆಲ್ಲ ಒಟ್ಟಿಗೆ ಹಸಿರು ಟಿಕ್. ನಿಜವಾದ ಲೆಕ್ಕ ಇದ್ದದ್ದು ‘ಫೈನಲ್ ಹೊಸದು 2’ ಅನ್ನುವ ಎಕ್ಸೆಲ್ ಹಾಳೆಯಲ್ಲಿ. ಯಾರಾದರೂ ಪ್ರಶ್ನಾವಳಿ ತಂದಿದ್ದರೆ ‘ದಿನಾ ಬಳಸುತ್ತೇವೆ’ ಅಂತಲೇ ಬರೆಯುತ್ತಿದ್ದೆವು. ಸುಳ್ಳೂ ಅಲ್ಲ, ಅಲ್ವಾ?

ಕಡ್ಡಾಯದ ಬಳಕೆ ಬೇರೆ, ಇಷ್ಟಪಟ್ಟ ಬಳಕೆ ಬೇರೆ ಅಂತ ಪಂಡಿತರಿಗೆ ಗೊತ್ತಿಲ್ಲದೇ ಇಲ್ಲ. 2003ರಲ್ಲಿ ವೆಂಕಟೇಶ್ ಮತ್ತು ಸಂಗಡಿಗರು ಅದನ್ನೂ ಬಳಕೆ ಊಹಿಸುವ ತಮ್ಮ ಮಾದರಿಗೆ ಸೇರಿಸಿದರು. ಸೇರಿಸಿ, ಜನರ ಅನಿಸಿಕೆ ತಿಳಿಯಲು ಮತ್ತೆ ಪ್ರಶ್ನಾವಳಿಯನ್ನೇ ಹಂಚಿದರು.

ಕೆಲಸದ ರೀತಿ ಬದಲಾದರೆ ಏನಾಗುತ್ತದೆ ಅನ್ನುವ ಬಗ್ಗೆ ಗಟ್ಟಿ ಪ್ರಯೋಗಗಳೂ ಇವೆ. ಚೀನಾದ ಸಿಟ್ರಿಪ್ ಕಂಪನಿಯಲ್ಲಿ ಮನೆಯಿಂದ ಕೆಲಸ ಮಾಡಿದವರ ಸಾಧನೆ ಶೇ. 13ರಷ್ಟು ಏರಿತು ಅಂತ ನಿಕೋಲಸ್ ಬ್ಲೂಮ್ ತಂಡ 2015ರಲ್ಲಿ ಬರೆಯಿತು. ಆದರೆ ಅವರು ಕಾಲ್ ಸೆಂಟರ್‌ನವರು, ಕರೆಗಳನ್ನು ಎಣಿಸಬಹುದು. ದಿನವಿಡೀ ಯೋಚಿಸಿ ಒಂದು ಪುಟ ಬರೆಯುವವರಿಗೆ ಆ 13 ಹೇಗೆ ಅಂಟುತ್ತದೆ?

ಅಂದಹಾಗೆ, ನಮ್ಮ ಎಕ್ಸೆಲ್ ಹಾಳೆ ಯಾಕೆ ಉಳಿಯಿತು ಗೊತ್ತಾ? ಹೊಸ ವ್ಯವಸ್ಥೆಯಲ್ಲಿ ಒಂದು ಕೆಲಸವನ್ನು ಇಬ್ಬರ ಹೆಸರಿಗೆ ಹಾಕಲು ಆಗುತ್ತಿರಲಿಲ್ಲ, ಅಷ್ಟೇ. ಒಂದು ಸಂಜೆ ಯಾರಾದರೂ ಕುರ್ಚಿ ಎಳೆದುಕೊಂಡು ನಮ್ಮ ಪಕ್ಕ ಕೂತಿದ್ದರೆ ಆ ಹತ್ತು ನಿಮಿಷದಲ್ಲೇ ಕಾಣುತ್ತಿತ್ತು.